ಗಂಡಿಯ ಈಚೆ, ಗಂಡಿಯ ಆಚೆ: ಸಂಡೂರು ಸಂಸ್ಥಾನದಲ್ಲಿ ನಾಲ್ಕು ದಿನ

ನಮ್ಮ ಅಜ್ಜಿ ಹುಟ್ಟಿದ್ದು ಸಂಡೂರು ಸೀಮೆಯ ಒಂದು ಹಳ್ಳಿಯಲ್ಲಿ. ಅವಳ ಬಾಯಲ್ಲಿ ಅದು ಸೊಂಡೂರು. ದಾವಣಗೆರೆಗೆ ಸೊಸೆಯಾಗಿ ಬಂದು ಅರವತ್ತು ವರ್ಷ ಬಾಳಿದರೂ ತವರಿನ ಮಾತು ಬಂದಾಗ ಅವಳ ಬೆನ್ನು ನೆಟ್ಟಗಾಗುತ್ತಿತ್ತು. "ನಾವೇನು ಇಂಗ್ರೇಜರ ಕೈಯಾಗ ಇದ್ದಿಲ್ಲವ್ವ. ನಮ್ಮದು ರಾಜರ ರಾಜ್ಯ. ಗಂಡಿ ಆಚೆ ಇಂಗ್ರೇಜರ ಸೀಮಿ, ಗಂಡಿ ಈಚೆ ನಮ್ಮ ಸೀಮಿ" ಎನ್ನುತ್ತಿದ್ದಳು. ಗಂಡಿ ಎಂದರೆ ಎರಡು ಗುಡ್ಡಗಳ ನಡುವಿನ ಸೀಳು. ಅವಳು 1948ರಲ್ಲಿ ಮದುವೆಯಾಗಿ ಗಂಡಿ ದಾಟಿದಳು. ಮರುವರ್ಷ, 1949ರ ಏಪ್ರಿಲ್ 1ರಂದು, ಸಂಡೂರು ಸಂಸ್ಥಾನ ಮದ್ರಾಸ್ ರಾಜ್ಯದಲ್ಲಿ ವಿಲೀನವಾಯಿತು. "ನಾನು ಬಂದಮ್ಯಾಲ ರಾಜ್ಯಾನೂ ಹೋತು" ಎಂದು ಅವಳು ಹೇಳುವಾಗ, ತಾನು ಹೊರಟದ್ದಕ್ಕೇ ಅದು ಹೋಯಿತೇನೋ ಎನ್ನುವ ಧಾಟಿ ಇರುತ್ತಿತ್ತು.

ನಾನು ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡುವವಳು. ಕಿತ್ತೂರು, ನರಗುಂದ, ಸುರಪುರಗಳ ಬಗ್ಗೆ ವರ್ಷಾ ವರ್ಷಾ ಮಕ್ಕಳಿಗೆ ಹೇಳುತ್ತೇನೆ. ಸಂಡೂರಿನ ಹೆಸರು ನಮ್ಮ ಪಾಠಗಳಲ್ಲಿ ಬರುವುದೇ ಇಲ್ಲ. ಅಲ್ಲಿ ಗಲ್ಲಿಗೇರಿದ ರಾಜನಿಲ್ಲ, ಕತ್ತಿ ಹಿಡಿದ ರಾಣಿಯಿಲ್ಲ. ಹಾಗಾದರೆ ಆ ಪುಟ್ಟ ರಾಜ್ಯ ನೂರಮೂವತ್ತು ವರ್ಷ ಇಂಗ್ಲಿಷರ ನಡುವೆ ಹೇಗೆ ಉಳಿಯಿತು? ಅಜ್ಜಿ ಹೇಳಿದಂತೆ ಅದು ನಿಜಕ್ಕೂ ಅವರ ಕೈಯಲ್ಲಿ ಇರಲಿಲ್ಲವೇ? ಇದನ್ನು ಅಲ್ಲಿಗೇ ಹೋಗಿ ಯೋಚಿಸಬೇಕು ಅನ್ನಿಸಿ ಬಹಳ ದಿನವಾಗಿತ್ತು. ಈ ಸೆಪ್ಟೆಂಬರಿನಲ್ಲಿ ನಾಲ್ಕು ದಿನ ಬಿಡುವು ಮಾಡಿಕೊಂಡು ನಾನೂ ನನ್ನ ಗಂಡನೂ ಹೊರಟೆವು.

ಮೊದಲ ದಿನ

ಬೆಳಗಿನ ರೈಲಿಗೆ ಹೊಸಪೇಟೆ ತಲುಪಿ, ಬಸ್ ಸ್ಟ್ಯಾಂಡಿನ ಪಕ್ಕ ಮಂಡಕ್ಕಿ ವಗ್ಗರಣಿ, ಮಿರ್ಚಿ ತಿಂದು ಸಂಡೂರಿನ ಬಸ್ಸು ಹತ್ತಿದೆವು. ಮೂವತ್ತು ಕಿಲೋಮೀಟರಿನ ಹಾದಿ. ಊರು ದಾಟಿದ ಮೇಲೆ ಬಲಗಡೆ ಗುಡ್ಡದ ಸಾಲು ಶುರುವಾಯಿತು. ಅದು ಎಲ್ಲಿಯೂ ಕಡಿಯದೆ ಗೋಡೆಯಂತೆ ಹೋಗುತ್ತಲೇ ಇತ್ತು. ಮಳೆ ಚೆನ್ನಾಗಿ ಆಗಿದ್ದರಿಂದ ಮೈತುಂಬ ಹಸಿರು ಹುಲ್ಲು, ಅಲ್ಲಲ್ಲಿ ಗಣಿ ಅಗೆದ ಕಡೆ ಹಸಿರು ಹರಿದು ಕೆಂಪು ಕಾಣುತ್ತಿತ್ತು. ರಸ್ತೆ ಒಂದೆಡೆ ತಿರುಗಿ ಏರಿ ಇಳಿಯಿತು. ಇಳಿದ ಮೇಲೆ ನೋಡಿದರೆ ಎಡಕ್ಕೂ ಗುಡ್ಡ, ಬಲಕ್ಕೂ ಗುಡ್ಡ, ನಡುವೆ ಜೋಳದ ಹೊಲಗಳು.

ಸಂಸ್ಥಾನವೆಂದರೆ ಇಷ್ಟೇ. ಎರಡು ಗುಡ್ಡದ ಸಾಲುಗಳ ನಡುವಿನ ಒಂದು ಕಣಿವೆ. ಸುಮಾರು 160 ಚದರ ಮೈಲಿ. ಸುತ್ತಲೂ ಇಂಗ್ಲಿಷರ ಬಳ್ಳಾರಿ ಜಿಲ್ಲೆ. ನಾರಿಹಳ್ಳ ಎಂಬ ಹೊಳೆ ಪಶ್ಚಿಮದ ಉಬ್ಬಲಗಂಡಿಯಲ್ಲಿ ಗುಡ್ಡವನ್ನು ಸೀಳಿ ಒಳಗೆ ಬಂದು, ಪೂರ್ವದ ಭೀಮನಗಂಡಿಯಲ್ಲಿ ಇನ್ನೊಂದು ಗುಡ್ಡವನ್ನು ಸೀಳಿ ಹೊರಗೆ ಹೋಗುತ್ತದೆ. ಹಳೆಯ ಕಾಲದಲ್ಲಿ ಈ ಗಂಡಿಗಳಿಗೂ ಕಣಿವೆದಾರಿಗಳಿಗೂ ಕಾವಲು ಹಾಕಿದರೆ ಇಡೀ ರಾಜ್ಯದ ಬಾಗಿಲು ಮುಚ್ಚಿದಂತೆಯೇ.

ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಹಿರಿಯ ಹೆಂಗಸು "ಯಾರ ಪೈಕಿ?" ಎಂದು ಕೇಳಿದರು. ಅಜ್ಜಿಯ ಹಳ್ಳಿ ಹೇಳಿದೆ. "ಹಂಗಾದ್ರ ನಮ್ಮಾಕೀನೇ ಬಿಡು" ಎಂದು ಚೀಲದಿಂದ ಎರಡು ಸೀತಾಫಲ ತೆಗೆದು ಕೈಗಿಟ್ಟರು. ಇನ್ನೂ ಊರು ಮುಟ್ಟಿರಲಿಲ್ಲ, ಆಗಲೇ ನನ್ನ ಕಣ್ಣು ತುಂಬಿತು.

ಸಂಡೂರು ಈಗ ಲಾರಿಗಳ ಊರು. ಪೇಟೆಯಲ್ಲಿ ಕೆಂಪು ಧೂಳು ಅಂಗಡಿಯ ಬೋರ್ಡುಗಳ ಮೇಲೆ, ಬೇವಿನ ಎಲೆಯ ಮೇಲೆ, ನಿಂತ ಬೈಕುಗಳ ಸೀಟಿನ ಮೇಲೆ ಕುಳಿತಿರುತ್ತದೆ. ಸಂಜೆ ನಡೆಯುತ್ತಾ ಶಿವವಿಲಾಸ ಅರಮನೆಯ ಕಡೆ ಹೋದೆವು. ಈಗ ಅದು ಹೋಟೆಲು. ಅಲ್ಲಿ ಉಳಿಯುವಷ್ಟು ಹಣ ನಮ್ಮಲ್ಲಿರಲಿಲ್ಲ. ಗೇಟಿನ ಹೊರಗೆ ನಿಂತು ನೋಡಿದೆವು. ಇಂಗ್ಲಿಷರು ರಾಜರಿಗೆ ತೋಪಿನ ಸಲಾಮಿಯ ಲೆಕ್ಕದಲ್ಲಿ ದರ್ಜೆ ಕೊಡುತ್ತಿದ್ದರು. ಮೈಸೂರಿಗೆ 21 ತೋಪು. ಸಂಡೂರಿಗೆ ಒಂದೂ ಇಲ್ಲ. ಆದರೂ ಇಲ್ಲಿಯವರಿಗೆ ತಮ್ಮ ರಾಜ ಮಹಾರಾಜನೇ. ಅಜ್ಜಿ ಯಾವತ್ತೂ ಬರೀ ರಾಜ ಎಂದವಳಲ್ಲ, "ಮಾರಾಜರು" ಎನ್ನುತ್ತಿದ್ದಳು.

ಎರಡನೆಯ ದಿನ

ಬೆಳಿಗ್ಗೆ ಕೃಷ್ಣಾನಗರಕ್ಕೆ ಹೋದೆವು. ಪೇಟೆಯಿಂದ ಆಟೋದಲ್ಲಿ ಹತ್ತು ನಿಮಿಷ. ಅಲ್ಲಿನ ಕೋಟೆ ಹೈದರಾಲಿ ಶುರು ಮಾಡಿ ಟಿಪ್ಪು ಮುಗಿಸಿದ್ದು. ಕೋಟೆಯೆಂದರೆ ಬೆಟ್ಟದ ಮೇಲಿನ ದುರ್ಗವಲ್ಲ, ನೆಲದ ಮೇಲಿನದೇ. ಕಲ್ಲಿನ ಗೋಡೆಯ ಸಂದಿಯಲ್ಲಿ ಅತ್ತಿಯ ಬೇರು ಇಳಿದಿತ್ತು. ಒಬ್ಬ ಹುಡುಗ ಗೋಡೆಯ ಬುಡದಲ್ಲಿ ಮೇಕೆ ಮೇಯಿಸುತ್ತಿದ್ದ. ನಾನು ಗೋಡೆಯ ಮೇಲೆ ಅಂಗೈ ಇಟ್ಟು ತೆಗೆದಾಗ ಅದು ಕುಂಕುಮ ಮುಟ್ಟಿದಂತೆ ಕೆಂಪಾಗಿತ್ತು. ಈ ಸೀಮೆಯ ಮಣ್ಣಿನಲ್ಲಿ ಕಬ್ಬಿಣ ಅಷ್ಟಿದೆ.

ಈ ಕೋಟೆಯ ಮುಂದೆ ನಿಂತು ಸಂಡೂರಿನ ಕಥೆಯನ್ನು ನೆನೆಯುವುದು ಸುಲಭ, ಏಕೆಂದರೆ ಎಲ್ಲವೂ ಇಲ್ಲಿಗೇ ಬಂದು ಮುಟ್ಟುತ್ತದೆ. ಹದಿನೆಂಟನೇ ಶತಮಾನದ ಆರಂಭದಲ್ಲಿ ಘೋರ್ಪಡೆ ಮನೆತನದ ಸಿದ್ದೋಜಿರಾವ್ ಎಂಬ ಮರಾಠಾ ಸರದಾರ ಒಬ್ಬ ಬೇಡರ ಪಾಳೆಯಗಾರನಿಂದ ಈ ಕಣಿವೆಯನ್ನು ಕಿತ್ತುಕೊಂಡ. ಅದೇ ಮನೆತನದಲ್ಲಿ ಗುತ್ತಿಯ (ಈಗ ಆಂಧ್ರದಲ್ಲಿದೆ) ಮುರಾರಿರಾವ್ ಹುಟ್ಟಿದ. 1751ರಲ್ಲಿ ಆರ್ಕಾಟಿನ ಮುತ್ತಿಗೆಯಲ್ಲಿ ಸಿಕ್ಕಿಬಿದ್ದ ಇಂಗ್ಲಿಷ್ ಸೇನಾನಿ ಕ್ಲೈವ್‌ನ ನೆರವಿಗೆ ಕುದುರೆ ದಂಡು ತಂದವನು ಇವನೇ. ಇಂಗ್ಲಿಷರ ಭಾಗ್ಯ ತೆರೆದದ್ದು ಆರ್ಕಾಟಿನಲ್ಲಿ ಎಂದು ಮಕ್ಕಳಿಗೆ ಹೇಳುತ್ತೇವೆ. ಆ ಬಾಗಿಲನ್ನು ತಳ್ಳಿದ ಕೈಗಳಲ್ಲಿ ಈ ಮನೆತನದ ಕೈಯೂ ಒಂದು ಎಂಬುದು ಕೋಟೆಯ ಮುಂದೆ ನಿಂತಾಗ ನನಗೆ ಮೊದಲ ಸಲ ಚುರುಕ್ಕೆಂದಿತು. ಇಪ್ಪತ್ತೈದು ವರ್ಷದ ನಂತರ, 1776ರಲ್ಲಿ, ಹೈದರಾಲಿ ಗುತ್ತಿಯನ್ನು ಹಿಡಿದ. ಸಂಡೂರೂ ಅವನ ವಶವಾಯಿತು. ಮುರಾರಿರಾವ್ ಕಬ್ಬಾಳದುರ್ಗದ ಸೆರೆಯಲ್ಲಿ ತೀರಿಕೊಂಡ. ಕಣಿವೆಯನ್ನು ಮರಳಿ ಪಡೆಯಲು ಬಂದ ಅವನ ದತ್ತುಮಗ ಶಿವರಾವ್ 1785ರ ಸುಮಾರಿಗೆ ಹೋರಾಟದಲ್ಲೇ ಸತ್ತ. ಅವನ ತಮ್ಮ ವೆಂಕಟರಾವ್ 1790ರಲ್ಲಿ ಟಿಪ್ಪುವಿನ ಪಹರೆಯವರನ್ನು ಹೊರದಬ್ಬಿದ. ಆದರೂ ಮನೆಯವರು ಧೈರ್ಯವಾಗಿ ಇಲ್ಲಿ ಬಂದು ನೆಲೆಸಿದ್ದು 1799ರಲ್ಲಿ ಟಿಪ್ಪು ಮಡಿದ ಮೇಲೆಯೇ.

ಅಷ್ಟು ಹೊತ್ತಿಗೆ ಗಾದಿಯ ಮೇಲೆ ಇನ್ನೊಬ್ಬ ಶಿವರಾವ್ ಇದ್ದ. ಇವನೂ ದತ್ತಕ. ಹೋರಾಟದಲ್ಲಿ ಸತ್ತವನ ಮಗ ಸಿದ್ದೋಜಿ 1796ರಲ್ಲಿ ಎಳೆಯ ವಯಸ್ಸಿನಲ್ಲೇ ತೀರಿಕೊಂಡಾಗ ಅವನ ವಿಧವೆ ಈ ಹುಡುಗನನ್ನು ದತ್ತು ಪಡೆದಿದ್ದಳು. ಮುಂದಿನ ಸಂಗತಿ ನಡೆದದ್ದು ಇವನ ಕಾಲದಲ್ಲಿ.

ಪೇಶ್ವೆ ಎರಡನೇ ಬಾಜಿರಾಯನಿಗೆ ಸಂಡೂರು ತನ್ನ ಅಧೀನದ್ದು ಎಂಬ ಹಟ. ಅವನು ಅದನ್ನು ಮನೆತನದ ಇನ್ನೊಂದು ಕವಲಿನ ಸರದಾರನಿಗೆ ಬರೆದುಕೊಟ್ಟೂ ಆಗಿತ್ತು. 1815ರಲ್ಲಿ ಇಲ್ಲಿಯ ಬೆಟ್ಟದ ಕುಮಾರಸ್ವಾಮಿಯ ಯಾತ್ರೆಯ ನೆಪದಲ್ಲಿ ತಾನೇ ದಂಡಿನೊಂದಿಗೆ ಬಂದ. ಶಿವರಾವ್ ದಾರಿಗಳನ್ನೆಲ್ಲ ಮುಚ್ಚಿಸಿದ. ಪೇಶ್ವೆಗೂ ಅವನ ಜತೆಯ ಕೆಲವರಿಗೂ ಮಾತ್ರ ಕಾಲುದಾರಿಯಲ್ಲಿ ದೇವರ ದರ್ಶನಕ್ಕೆ ಬಿಟ್ಟ. ಪುಣೆಯ ಪೇಶ್ವೆಯನ್ನು ಒಂದು ಕಣಿವೆಯ ಒಡೆಯ ಹೀಗೆ ಬರಿಗೈಯಲ್ಲಿ ಕಳಿಸಿದ್ದು ಸಣ್ಣ ಮಾತಲ್ಲ.

ಆದರೆ ಪೇಶ್ವೆಗೆ ಇನ್ನೊಂದು ಹಾದಿ ಇತ್ತು. ಅವನು ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯ ಜೊತೆ ಮಾಡಿಕೊಂಡ ಬಸ್ಸೀನ್ ಒಪ್ಪಂದದ ಪ್ರಕಾರ ಅವನ ಮಾತು ಕೇಳದ ಸರದಾರರನ್ನು ಬಗ್ಗಿಸುವ ಹೊಣೆ ಕಂಪನಿಯದು. 1817ರ ಅಕ್ಟೋಬರಿನಲ್ಲಿ ಥಾಮಸ್ ಮನ್ರೋ ಧಾರವಾಡದಿಂದ ಸೇನೆ ತಂದ. ಮನ್ರೋ ಈ ಸೀಮೆಗೆ ಹೊಸಬನಲ್ಲ. 1800ರಿಂದ 1807ರವರೆಗೆ ನಿಜಾಮ ಕಂಪನಿಗೆ ಬಿಟ್ಟುಕೊಟ್ಟ, ಬಳ್ಳಾರಿ ಸೇರಿದ ದತ್ತಮಂಡಲದ ಕಲೆಕ್ಟರನಾಗಿದ್ದವನು. ರೈತರ ಹೊಲ ಅಳೆದು, ಅವರ ಜೊತೆ ಕೂತು ಕಂದಾಯ ಕಟ್ಟಿಸಿದವನು. ಶಿವರಾವ್‌ಗೆ ಗೊತ್ತಿತ್ತು, ಪೇಶ್ವೆಯ ದಂಡನ್ನು ತಡೆದಂತೆ ಇದನ್ನು ತಡೆಯಲಾಗದು ಎಂದು. ಗುಂಡು ಹಾರಲಿಲ್ಲ. ಶಿವರಾವ್ ಊರ ಹೊರಗೆ ಬಂದು ಮನ್ರೋನನ್ನು ಎದುರುಗೊಂಡು, ಕೋಟೆಯನ್ನೂ ಕಣಿವೆಯನ್ನೂ ಒಪ್ಪಿಸಿದ.

ನಾನು ಗೋಡೆಗೆ ಒರಗಿ ಆ ದಿನವನ್ನು ಕಣ್ಣ ಮುಂದೆ ತಂದುಕೊಂಡೆ. ವೆಂಕಟರಾವ್ ಗೆದ್ದುಕೊಟ್ಟ ನೆಲ. ಹಿಂದಿನ ಶಿವರಾವ್ ಪ್ರಾಣ ಕೊಟ್ಟ ನೆಲ. ಅದನ್ನು ಕೈಯಾರೆ ಒಪ್ಪಿಸಲು ಒಂದು ಹರದಾರಿ ಎದುರು ನಡೆದುಹೋಗುವುದು.

ಮುಂದೆ ನಡೆದದ್ದು ವಿಚಿತ್ರ. ಕೆಲವೇ ವಾರಗಳಲ್ಲಿ ಪೇಶ್ವೆಯೇ ಇಂಗ್ಲಿಷರ ಮೇಲೆ ತಿರುಗಿಬಿದ್ದ, ಸೋತ, ರಾಜ್ಯ ಕಳೆದುಕೊಂಡ. ಯಾರಿಗಾಗಿ ಸಂಡೂರನ್ನು ಕಿತ್ತುಕೊಂಡರೋ ಅವನೇ ಇಲ್ಲವಾದ ಮೇಲೆ ಅದನ್ನು ಇಟ್ಟುಕೊಳ್ಳುವುದು ನ್ಯಾಯವಲ್ಲ ಎಂದು ಮನ್ರೋ ಶಿಫಾರಸು ಮಾಡಿದ. 1818ರಲ್ಲಿ ಶಿವರಾವ್‌ಗೆ ಕಣಿವೆ ಮರಳಿ ಸಿಕ್ಕಿತು. 1826ರಲ್ಲಿ, ಮನ್ರೋ ಮದ್ರಾಸಿನ ಗವರ್ನರ್ ಆಗಿದ್ದಾಗ, ಶಿವರಾವ್‌ಗೂ ಅವನ ವಂಶಕ್ಕೂ ಎಂದು ಸನದು, ಅಂದರೆ ಹಕ್ಕುಪತ್ರ, ಬರೆದುಕೊಟ್ಟರು. ಕಪ್ಪ ಕಟ್ಟಬೇಕಿಲ್ಲ. ಸೈನ್ಯ ಇಡಬೇಕಿಲ್ಲ. ಊರಿನ ನ್ಯಾಯ, ಪೊಲೀಸು ರಾಜನ ಹೊಣೆ. ಆದರೆ ಯಾರಿಗಾದರೂ ಮರಣದಂಡನೆ ಕೊಡಬೇಕಾದರೆ ಮದ್ರಾಸಿನ ಒಪ್ಪಿಗೆ ಬೇಕು.

ಕಿತ್ತೂರಿನಲ್ಲಿ ದತ್ತಕವನ್ನು ಒಪ್ಪದೆ ಯುದ್ಧವಾದದ್ದು 1824ರಲ್ಲಿ. ಸಂಡೂರಿನ ದತ್ತಕ ರಾಜನಿಗೆ ಸನದು ಸಿಕ್ಕಿದ್ದು ಎರಡೇ ವರ್ಷದ ನಂತರ. 1858ರಲ್ಲಿ ನರಗುಂದದ ಬಾಬಾಸಾಹೇಬ ಗಲ್ಲಿಗೇರಿದ್ದರ ಹಿಂದೆಯೂ ದತ್ತಕದ ನಿರಾಕರಣೆಯೇ ಇತ್ತು. ಒಂದೇ ವಿಧಿ ಒಂದು ಕಡೆ ಒಪ್ಪಿತ, ಇನ್ನೊಂದು ಕಡೆ ಅಪರಾಧ. ಮನ್ರೋನ ಒಳ್ಳೆಯತನ ಇಲ್ಲಿ ಕೆಲಸ ಮಾಡಿತು ಎಂದು ನಾನು ನಂಬುತ್ತೇನೆ. ಅದರ ಜೊತೆಗೆ ಇನ್ನೊಂದನ್ನೂ ಸೇರಿಸುತ್ತೇನೆ: ಕಿತ್ತೂರಿನ ಕರಿ ಮಣ್ಣಿನ ಹುಟ್ಟುವಳಿ, ಬೊಕ್ಕಸದ ಹಣ ಸಂಡೂರಿನಲ್ಲಿ ಇರಲಿಲ್ಲ. ಈ ಕಣಿವೆಯಲ್ಲಿ ಕಂಪನಿಗೆ ಬೇಕಾದದ್ದು ಏನಿದೆ ಎಂದು ಆಗ ಅವರಿಗೆ ಗೊತ್ತಿರಲಿಲ್ಲ. ಆಮೇಲೆ ಗೊತ್ತಾಯಿತು.

ಮಧ್ಯಾಹ್ನ ಬಿಸಿಲು ಜೋರಾಯಿತು. ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ಲಂಬಾಣಿ ಹೆಣ್ಣುಮಕ್ಕಳ ಕಸೂತಿ ನೋಡಿದೆವು. ಒಬ್ಬಾಕೆ ಬೆರಳಿನ ಉಗುರಿನಷ್ಟಿರುವ ಕನ್ನಡಿಯನ್ನು ಬಟ್ಟೆಯ ಮೇಲೆ ಇಟ್ಟು, ಹೆಬ್ಬೆರಳಲ್ಲಿ ಒತ್ತಿಹಿಡಿದು, ಅದರ ಸುತ್ತ ಮೊದಲು ನಾಲ್ಕು ಎಳೆ ಅಡ್ಡಡ್ಡ ಹಾಕಿ, ಆಮೇಲೆ ಆ ಎಳೆಗಳನ್ನೇ ಹಿಡಿದು ಸುತ್ತಲೂ ಹೊಲಿದಳು. ಗುರುತು ಹಾಕಿಕೊಳ್ಳಲಿಲ್ಲ, ಅಳತೆ ಇಲ್ಲ. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯಲ್ಲಿ ಇವರ 1,755 ಕಸೂತಿಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತ್ತು. ನಾನು ಅಜ್ಜಿಯ ನೆನಪಿಗೆಂದು ಒಂದು ಸಣ್ಣ ಚೀಲ ಕೊಂಡೆ.

ಮೂರನೆಯ ದಿನ

ಕುಮಾರಸ್ವಾಮಿ ಬೆಟ್ಟಕ್ಕೆ ಹೋಗುವ ದಿನ. ಹಿಂದಿನ ರಾತ್ರಿ ಮಾತಾಡಿಟ್ಟಿದ್ದ ವಾಹನ ಬರಲೇ ಇಲ್ಲ, ಫೋನೂ ಎತ್ತಲಿಲ್ಲ. ಎರಡು ತಾಸು ಕಾದು ಬೇರೆ ಆಟೋ ಹಿಡಿದೆವು. ಅಷ್ಟರಲ್ಲಿ ಮಳೆ ಬಂದು ನಿಂತಿತ್ತು. ಅದೇ ಒಳ್ಳೆಯದಾಯಿತು. ರಸ್ತೆ ಕಾಡಿನ ನಡುವೆ ಏರುತ್ತಾ ಹೋದಂತೆ ಎರಡೂ ಕಡೆ ಗಿಡಗಳಿಂದ ನೀರು ತೊಟ್ಟಿಕ್ಕುತ್ತಿತ್ತು, ಮೋಡ ರಸ್ತೆಯ ಮೇಲೆಯೇ ತೇಲುತ್ತಿತ್ತು. ಬಳ್ಳಾರಿಯ ಬಿಸಿಲಿನ ಪಕ್ಕದಲ್ಲೇ ಇಂಥದೊಂದು ಮಲೆನಾಡಿನ ತುಂಡು ಇದೆ ಎಂದು ನೋಡದವರಿಗೆ ನಂಬಿಕೆ ಬರದು. "ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಿ" ಎಂದು ಗಾಂಧೀಜಿ ಹೇಳಿದ್ದರು ಅಂತ ಇಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ದೇವಸ್ಥಾನ ಕಾಡಿನ ಮಡಿಲಲ್ಲಿದೆ. ಕುಮಾರಸ್ವಾಮಿಯ ಗುಡಿ, ಪಕ್ಕದಲ್ಲಿ ಪಾರ್ವತಿಯ ಗುಡಿ. ಚಾಲುಕ್ಯ, ರಾಷ್ಟ್ರಕೂಟರ ಕಾಲದ ಕಟ್ಟಡಗಳು, ಹತ್ತನೇ ಶತಮಾನದ ಶಾಸನವೂ ಇದೆ. ಸ್ಥಳದ ಕಥೆ ಹೀಗಿದೆ: ಗಣಪತಿಗೆ ಮೊದಲು ಮದುವೆ ಮಾಡಿದರೆಂದು ಮುನಿದ ಕುಮಾರ ತಾಯಿಯ ಮೊಲೆಹಾಲನ್ನೇ ಕಕ್ಕಿ ಈ ಲೋಹಾಚಲಕ್ಕೆ ಬಂದು ನಿಂತ. ಇಲ್ಲಿ ಗುಡ್ಡದಲ್ಲಿ ಸಿಗುವ ಬಿಳಿ ಮಣ್ಣೇ ಆ ಹಾಲು. ಅದನ್ನೇ ವಿಭೂತಿಯಾಗಿ ಕೊಡುತ್ತಾರೆ. ಸುತ್ತಲೂ ಕಬ್ಬಿಣದ ಕೆಂಪು ಮಣ್ಣು, ನಡುವೆ ಹಾಲಿನ ಬಣ್ಣದ ಮಣ್ಣು. ಕಥೆ ಹುಟ್ಟದೆ ಇರುವುದಾದರೂ ಹೇಗೆ?

ತಾಯಿಯ ಮೇಲಿನ ಮುನಿಸಿನಿಂದ ಕುಮಾರಸ್ವಾಮಿ ಹೆಂಗಸರ ಮುಖ ನೋಡುವುದಿಲ್ಲ ಎಂಬ ನಂಬಿಕೆ. ಹಾಗಾಗಿ ಹೆಂಗಸರು ಒಳಗೆ ಹೋಗಿ ದರ್ಶನ ಪಡೆಯುವ ರೂಢಿಯಿಲ್ಲ. ನನ್ನ ಗಂಡ ಒಳಗೆ ಹೋದ. ನಾನು ಪಾರ್ವತಿಯ ಗುಡಿಯಲ್ಲಿ ಕುಳಿತೆ. ನನ್ನ ಅಜ್ಜಿಯೂ ಇಲ್ಲಿಯೇ ಕುಳಿತಿರಬೇಕು. ಮಗನ ಗುಡಿಯ ಪಕ್ಕದಲ್ಲಿದ್ದೂ ಮಗನಿಂದ ಮುಖ ತಿರುಗಿಸಿಕೊಂಡ ತಾಯಿ ಇವಳು. ಹೆಂಗಸರೆಲ್ಲ ಅವಳ ಬಳಿಯೇ ಕೂರುತ್ತಾರೆ. ಕಲ್ಲಿನ ನೆಲ ತಣ್ಣಗಿತ್ತು.

ಆ ಹೊತ್ತಿನಲ್ಲಿ ನನಗೆ ನೆನಪಾದದ್ದು ಇದೇ ಗುಡಿಯ ಇನ್ನೊಂದು ಬಾಗಿಲಿನ ಕಥೆ. ಕೊನೆಯ ರಾಜ ಯಶವಂತರಾವ್ ಹಿಂದೂರಾವ್ ಘೋರ್ಪಡೆ ಪಟ್ಟಕ್ಕೆ ಬಂದದ್ದು 1928ರಲ್ಲಿ. 1930ರ ದಶಕದ ಆರಂಭದಲ್ಲೇ ಅವರು ಸಂಸ್ಥಾನದ ದೇವಸ್ಥಾನಗಳನ್ನು ದಲಿತರಿಗೆ ತೆರೆದರು. ತಿರುವಾಂಕೂರಿನ ಪ್ರಸಿದ್ಧ ದೇವಸ್ಥಾನ ಪ್ರವೇಶ ಘೋಷಣೆ ಬಂದದ್ದು 1936ರಲ್ಲಿ. ಸಂಡೂರು ಅದಕ್ಕಿಂತ ಮುಂದೆ. 1934ರಲ್ಲಿ ಹರಿಜನ ಯಾತ್ರೆಯ ನಡುವೆ ಗಾಂಧೀಜಿ ಸಂಡೂರಿಗೆ ಬಂದರು. ಅಜ್ಜಿಗೆ ಆಗ ನಾಲ್ಕು ವರ್ಷ. ಅಪ್ಪನ ಹೆಗಲ ಮೇಲೆ ಕುಳಿತು ನೋಡಿದ್ದೆ ಎನ್ನುತ್ತಿದ್ದಳು. ಏನು ಕಂಡೆ ಎಂದು ಕೇಳಿದರೆ "ಮಂದಿ ಕಂಡೆ" ಎನ್ನುತ್ತಿದ್ದಳು.

ಈ ಸುಧಾರಣೆಗೆ ಇಂಗ್ಲಿಷರ ಅಪ್ಪಣೆ ಬೇಕಾಗಿರಲಿಲ್ಲ. ಗಂಡಿಯ ಆಚೆ ಮದ್ರಾಸ್ ಪ್ರಾಂತದಲ್ಲಿ ದೇವಸ್ಥಾನ ಪ್ರವೇಶದ ಕಾನೂನು ಬರಲು ಇನ್ನೂ ವರ್ಷಗಳು ಬೇಕಾದವು. ಇಲ್ಲಿ ರಾಜನ ಒಂದು ಮಾತು ಸಾಕಾಯಿತು. "ನಾವು ಅವರ ಕೈಯಾಗ ಇದ್ದಿಲ್ಲ" ಎಂದ ಅಜ್ಜಿಯ ಮಾತಿಗೆ ಈ ನಾಲ್ಕು ದಿನಗಳಲ್ಲಿ ನನಗೆ ಸಿಕ್ಕ ಗಟ್ಟಿ ಸಾಕ್ಷಿ ಇದೇ. ಆದರೂ ಪಾರ್ವತಿಯ ಗುಡಿಯಲ್ಲಿ ಕುಳಿತವಳಿಗೆ, ಒಂದು ಬಾಗಿಲು ತೆರೆದವರು ಇನ್ನೊಂದನ್ನು ಹಾಗೆಯೇ ಬಿಟ್ಟರಲ್ಲ ಎಂಬ ನೋವಾಯಿತು. ಅದನ್ನು ಮುಚ್ಚಿಟ್ಟು ಬರೆಯಲಾರೆ.

ಗಂಡ ಹೊರಗೆ ಬಂದು ವಿಭೂತಿಯ ಒಂದು ಸಣ್ಣ ಹೆಂಟೆ ಕೈಗಿಟ್ಟ. ಒದ್ದೆ ಸುಣ್ಣದಷ್ಟು ನುಣುಪು. ಕರ್ಚೀಫಿನಲ್ಲಿ ಕಟ್ಟಿ, ಕಸೂತಿಯ ಚೀಲದಲ್ಲಿಟ್ಟೆ.

ಬೆಟ್ಟದಿಂದ ಇಳಿಯುವಾಗ ಎದುರಿನ ಗುಡ್ಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೊಯ್ದ ಗಣಿ ಕಂಡಿತು. ಹಸಿರಿನ ನಡುವೆ ಹಸಿ ಗಾಯದಂತಿತ್ತು. ಆಟೋದವನು ಏನೂ ಹೇಳದೆ ಒಂದು ನಿಮಿಷ ನಿಲ್ಲಿಸಿದ.

ನಾಲ್ಕನೆಯ ದಿನ

ರಾಮನದುರ್ಗ ನೋಡದೆ ಹೋಗಬಾರದು ಎಂದು ಮೊದಲೇ ಗಟ್ಟಿ ಮಾಡಿಕೊಂಡಿದ್ದೆ. "ಗುಡ್ಡ ಹತ್ತಬೇಕಂದ್ರ ಜೀಪೇ ಬೇಕ್ರಿ ಅಕ್ಕಾರೆ" ಎಂದ ಡ್ರೈವರ್ ಒಬ್ಬ ನಸುಕಿನಲ್ಲೇ ಬಂದ. ಮೂರು ಸಾವಿರದ ಇನ್ನೂರು ಅಡಿ ದಾಟುವ ಎತ್ತರ. ಮೇಲೆ ಹೋದಾಗ ಗಾಳಿ ಎಷ್ಟು ತಣ್ಣಗಿತ್ತೆಂದರೆ ಸೆರಗನ್ನು ಎರಡು ಸುತ್ತು ಹೊದ್ದುಕೊಂಡೆ. ಒಂದು ಕಡೆ ತುಂಗಭದ್ರಾ ಹಿನ್ನೀರು ಹಾಲಿನ ಗೆರೆಯಂತೆ ಕಾಣುತ್ತಿತ್ತು.

ಬಳ್ಳಾರಿಯ ದಂಡಿನಲ್ಲಿದ್ದ ಬಿಳಿಯ ಸೈನಿಕರಿಗೆ ಅಲ್ಲಿನ ಬಿಸಿಲು ಹಿಡಿಸುತ್ತಿರಲಿಲ್ಲ. ಜ್ವರ, ಭೇದಿಯಿಂದ ಬೀಳುತ್ತಿದ್ದರು. ಅವರಿಗೊಂದು ತಂಪಿನ ಜಾಗ ಬೇಕಿತ್ತು. ಹತ್ತಿರದಲ್ಲಿದ್ದದ್ದು ಸಂಡೂರು ರಾಜನ ಈ ಬೆಟ್ಟ. 1847ರಲ್ಲಿ ರಾಜ ಇದನ್ನು ಬಿಟ್ಟುಕೊಟ್ಟ. ಇಲ್ಲಿ ಸೈನಿಕರ ಆರೋಗ್ಯಧಾಮ, ಅಧಿಕಾರಿಗಳ ಬಂಗಲೆಗಳು ಎದ್ದವು. ಈಗ ಉಳಿದಿರುವುದು ಮೊಣಕಾಲೆತ್ತರದ ಗೋಡೆಗಳು, ಲಂಟಾನ ಪೊದೆ, ಚಾವಣಿಯಿಲ್ಲದ ಒಂದು ಕೋಣೆಯಲ್ಲಿ ಬೆಂಕಿಗೂಡು. ಬಳ್ಳಾರಿ ಜಿಲ್ಲೆಯಲ್ಲಿ ಬೆಂಕಿಗೂಡು! ಗೂಡಿನ ಒಳಗೆ ಇನ್ನೂ ಮಸಿ ಇತ್ತು. ದನ ಕಾಯುವವರು ಹಚ್ಚಿದ್ದಿರಬೇಕು.

ಸ್ವಲ್ಪ ಆಚೆ ಗೋರಿಗಳಿವೆ. ಒಂದರ ಮೇಲಿನ ಕಲ್ಲು ಎರಡು ತುಂಡಾಗಿ ಬಿದ್ದಿತ್ತು. ಪಾಚಿ ಒರೆಸಿ ನೋಡಿದೆ. ಹೆಸರು ಹೋಗಿತ್ತು, ಅಕ್ಷರಗಳ ಗುಂಡಿಗಳು ಮಾತ್ರ ಬೆರಳಿಗೆ ಸಿಗುತ್ತಿದ್ದವು. ಸಣ್ಣ ಗೋರಿ. ಮಗುವಿನದೇ ಇರಬೇಕು. ಯಾವ ತಾಯಿಯೋ, ಎಲ್ಲಿಂದ ಬಂದವಳೋ, ತನ್ನ ಕೂಸನ್ನು ಈ ಗುಡ್ಡದಲ್ಲಿ ಬಿಟ್ಟುಹೋದಳು. ಡ್ರೈವರ್ ಪಕ್ಕದ ಹಳದಿ ಹೂವಿನ ಒಂದು ಕೊಂಬೆ ಮುರಿದು ಕಲ್ಲಿನ ಮೇಲೆ ಇಟ್ಟ. ನಾನು ಹೇಳಿರಲಿಲ್ಲ.

ಅಲ್ಲಿ ಕುಳಿತು ನಾನು ಲೆಕ್ಕ ಹಾಕಿದೆ. ಮೊದಲು ಈ ಬೆಟ್ಟ. ಆಮೇಲೆ 1882ರಲ್ಲಿ ಸುಮಾರು 40,000 ಎಕರೆ ಕಾಡು 25 ವರ್ಷಕ್ಕೆ ಮದ್ರಾಸ್ ಸರ್ಕಾರಕ್ಕೆ ಗುತ್ತಿಗೆ. ಸೌದೆ, ತೇಗ, ಹುಲ್ಲು ಎಲ್ಲಕ್ಕೂ ಈಗ ಸರ್ಕಾರದ ಗಾರ್ಡು. 1895ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಜಿಲ್ಲೆಯ ಭೂರಚನೆಯನ್ನು ಬರೆದು ಪ್ರಕಟಿಸಿದ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಮ್ಯಾಂಗನೀಸ್ ತೆಗೆಯಲು ಬೆಲ್ಜಿಯಂ ಮೂಲದ ಕಂಪನಿ ಬಂದಿತು. ಬೆಟ್ಟ, ಕಾಡು, ಅದಿರು. ಒಂದನ್ನೂ ಕತ್ತಿಯಿಂದ ಕಸಿಯಲಿಲ್ಲ. ಎಲ್ಲವೂ ಕರಾರು, ಗುತ್ತಿಗೆ, ಸಹಿ, ಮೊಹರು. ಬಳ್ಳಾರಿಯ ಕಲೆಕ್ಟರನೇ ಸಂಡೂರಿನ ರಾಜಕೀಯ ಏಜೆಂಟ್ ಆಗಿದ್ದ. 1923ರಲ್ಲಿ ತಿರುವಾಂಕೂರು, ಕೊಚ್ಚಿ, ಪುದುಕೋಟೆ, ಬನಗಾನಪಲ್ಲಿಯ ಜೊತೆ ಸಂಡೂರನ್ನೂ ಸೇರಿಸಿ ಮದ್ರಾಸ್ ಸಂಸ್ಥಾನಗಳ ಏಜೆನ್ಸಿ ಎಂದು ಮಾಡಿ, ನೇರ ಭಾರತ ಸರ್ಕಾರಕ್ಕೆ ಜೋಡಿಸಿದರು. ರಾಜ ಚಿಕ್ಕವನಾದರೆ ಆಡಳಿತ ಅವರು ನೇಮಿಸಿದವರ ಕೈಗೆ. ಕಣಿವೆಗೆ ಅವರ ಸೈನ್ಯ ಕಾಲಿಡುವ ಅಗತ್ಯವೇ ಇರಲಿಲ್ಲ.

ನನ್ನನ್ನು ಬಹಳ ಕಲಕಿದ್ದು 1876. ಆ ವರ್ಷ ಗಾದಿಯ ಮೇಲಿದ್ದ ಶಿವಷಣ್ಮುಖರಾವ್ ಅವರಿಗೆ ಇಂಗ್ಲಿಷರು ವಂಶಪಾರಂಪರ್ಯವಾಗಿ 'ರಾಜಾ' ಎಂಬ ಬಿರುದು ಕೊಟ್ಟರು. ಅದೇ ವರ್ಷ ಮಳೆ ಹೋಯಿತು. 1876ರಿಂದ 1878ರವರೆಗೆ ಬಳ್ಳಾರಿ ಸೀಮೆಯನ್ನು ತಿಂದುಹಾಕಿದ ಬರ ಅದು. 1871ರಲ್ಲಿ ಸಂಸ್ಥಾನದಲ್ಲಿ ಹತ್ತಿರ ಹತ್ತಿರ 15,000 ಜನ. 1881ರಲ್ಲಿ 10,500 ಚಿಲ್ಲರೆ. ಹತ್ತು ಜನರಲ್ಲಿ ಮೂವರು ಇಲ್ಲ. ಸತ್ತವರೆಷ್ಟು, ಗಂಡಿ ದಾಟಿ ಊರು ಬಿಟ್ಟವರೆಷ್ಟು ಎಂದು ಆ ಅಂಕಿ ಹೇಳುವುದಿಲ್ಲ. ಇಪ್ಪತ್ತು ವರ್ಷದ ನಂತರ, 1901ರಲ್ಲೂ, ಜನ 11,200 ಮಾತ್ರ. ಶತ್ರುವಿನ ದಂಡನ್ನು ತಡೆದ ಗುಡ್ಡಗಳು ಬರವನ್ನು ತಡೆಯಲಿಲ್ಲ. ಗಂಡಿಯ ಈಚೆಗೂ ಆಚೆಗೂ ಹಸಿವು ಒಂದೇ ಆಗಿತ್ತು. ಅಜ್ಜಿಯ ಅಜ್ಜಿ ಆ ಬರದಲ್ಲಿ ಉಳಿದುಕೊಂಡವಳು. ಕತ್ತಾಳೆಯ ಗಡ್ಡೆ ಬೇಯಿಸಿ ತಿಂದರಂತೆ ಎಂಬ ಒಂದು ಮಾತು ನಮ್ಮ ಮನೆಯಲ್ಲಿ ಇಳಿದುಬಂದಿದೆ, ಅಷ್ಟೇ.

ಸ್ವಾತಂತ್ರ್ಯ ಬಂದ ಮೇಲೆ ಸಂಡೂರಿನವರ ವಿಳಾಸ ಬೇಗ ಬೇಗ ಬದಲಾಯಿತು. 1949ರಲ್ಲಿ ಮದ್ರಾಸ್. 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಜೊತೆ ಮೈಸೂರು. 1973ರಲ್ಲಿ ಕರ್ನಾಟಕ. ಅದೇ 1973ರಲ್ಲಿ ಇಲ್ಲಿಯ ಗೇಣಿದಾರರು ಭೂಮಿಗಾಗಿ ಹೋರಾಟಕ್ಕೆ ಇಳಿದರು. ಸಂಸ್ಥಾನ ಹೋಗಿ ಕಾಲು ಶತಮಾನವಾಗಿದ್ದರೂ ಹೊಲ ಯಾರದು ಎಂಬ ಪ್ರಶ್ನೆ ಬಗೆಹರಿದಿರಲಿಲ್ಲ. ರಾಜರನ್ನು ಪ್ರೀತಿಯಿಂದ ನೆನೆಯುವವರೂ ಆ ಹೋರಾಟದಲ್ಲಿ ಜೈಲು ಕಂಡವರ ಮಕ್ಕಳೂ ಇವತ್ತು ಒಂದೇ ಓಣಿಯಲ್ಲಿದ್ದಾರೆ. ಆಮೇಲೆ ಗಣಿಯ ಹುಚ್ಚುಕಾಲ ಬಂದಿತು, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು, ಮತ್ತೆ ಕ್ರಮವಾಗಿ ಶುರುವಾಯಿತು. ಅದು ಎಲ್ಲರಿಗೂ ಗೊತ್ತಿರುವುದೇ.

ಅಜ್ಜಿ ಹೇಳಿದ್ದು ಸುಳ್ಳಲ್ಲ. ಅವಳ ಹಳ್ಳಿಯಲ್ಲಿ ಬಿಳಿಯ ಅಧಿಕಾರಿ ಕಂದಾಯ ಕೇಳಲು ಬಂದದ್ದಿಲ್ಲ. ಜಗಳ ಬಿದ್ದರೆ ತೀರ್ಪು ಪೇಟೆಯ ಕಚೇರಿಯಲ್ಲೇ ಆಗುತ್ತಿತ್ತು. ರಾಜರನ್ನು ದಸರೆಗೆ ಕಣ್ಣಾರೆ ಕಾಣಬಹುದಿತ್ತು. ಆದರೆ ಅವಳ ಅಮ್ಮ ಸೌದೆಗೆ ಹೋಗುತ್ತಿದ್ದ ಗುಡ್ಡದ ಮೇಲೆ ಯಾರು ಮಲಗಿ ಆರೋಗ್ಯ ಸುಧಾರಿಸಿಕೊಂಡರು, ಅವಳ ಹೊಲದ ಕೆಳಗಿನ ಅದಿರು ಯಾವ ದೇಶದ ಹಡಗು ಹತ್ತಿತು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಮಧ್ಯಾಹ್ನ ತೋರಣಗಲ್ಲಿನ ರೈಲಿಗಾಗಿ ಈ ಸಲ ಪೂರ್ವದ ದಾರಿ ಹಿಡಿದೆವು. ತಾರಾನಗರದ ಬಳಿ ನಾರಿಹಳ್ಳದ ಜಲಾಶಯ ತುಂಬಿತ್ತು. ಬಸ್ಸು ಅದಿರಿನ ಲಾರಿಗಳ ಹಿಂದೆ ನಿಧಾನವಾಗಿ ತೆವಳುತ್ತಿತ್ತು. ಕಿಟಕಿ ಮುಚ್ಚಿದರೂ ಧೂಳು ಒಳಗೆ ಬಂದು ಎದುರಿನ ಸೀಟಿನ ಕಂಬಿಯ ಮೇಲೆ ಕೂರುತ್ತಿತ್ತು. ಎರಡೂ ಕಡೆಯ ಗುಡ್ಡ ಹತ್ತಿರ ಹತ್ತಿರ ಬಂದು, ಒಂದು ಕ್ಷಣ ಬಂಡೆಯ ನೆರಳು ಬಸ್ಸಿನ ಮೇಲೆ ಬಿತ್ತು. "ಭೀಮನಗಂಡಿ" ಎಂದ ಪಕ್ಕದಲ್ಲಿ ನಿಂತ ಹುಡುಗ, ನಾನು ಕೇಳುವ ಮೊದಲೇ.

ಚೀಲ ತೆಗೆದು ಕರ್ಚೀಫು ಬಿಚ್ಚಿದೆ. ವಿಭೂತಿಯ ಹೆಂಟೆ ಒಣಗಿ ಬಿರುಕು ಬಿಟ್ಟಿತ್ತು, ಅದರ ಒಂದು ಬದಿಗೆ ನನ್ನ ಬೆರಳಿನ ಕೆಂಪು ಹತ್ತಿತ್ತು. ಒಂದಿಷ್ಟು ಉಜ್ಜಿ ಹಣೆಗೆ ಇಟ್ಟುಕೊಂಡೆ. ಗುಡ್ಡ ಹಿಂದಾಯಿತು. ಮುಂದೆ ಬಯಲು, ಬಯಲಿನ ಕೊನೆಗೆ ಉಕ್ಕಿನ ಕಾರ್ಖಾನೆಯ ಚಿಮಣಿಗಳು.